ಅಕ್ಷರದ ಮೇಲಿನ ಅಲೆ

ಆಚೆ ದಡ ಹೀಯೂಮಾ, ಈಚೆ ದಡ ಸಾರೆಮಾ.
ನಡುವೆ ಹರಿಯದೆ, ನಿಲ್ಲದೆ,
ಮಗ್ಗುಲು ಬದಲಿಸುತ್ತ ಮಲಗಿರುವ ಈ ನೀರಿಗೆ
ನಕ್ಷೆಯಲ್ಲಿ ಸೊಯೆಲಾ ಎಂದು ಹೆಸರು.
ಹಡಗಿನಲ್ಲಿ ಒಂದು ತಾಸು,
ಗಾಳಿ ಮುನಿದರೆ ಇನ್ನೂ ಕಾಲು.
ನಾನು ಟಿಕೆಟ್ಟಿಗೆ ತೂತು ಹೊಡೆಯುವವಳು,
ಹತ್ತೊಂಬತ್ತು ವರ್ಷವಾಯಿತು.

ಅಮ್ಮನ ಪ್ರಕಾರ ಅದು ಜರಡಿ.
ನಮ್ಮ ಮಾತಿನಲ್ಲಿ ಜರಡಿಗೂ ಹೆಚ್ಚುಕಮ್ಮಿ ಅದೇ ಪದ,
ಅಕ್ಷರದ ನೆತ್ತಿಯ ಮೇಲೆ ಒಂದು ಪುಟ್ಟ ಅಲೆ ಎಳೆದರೆ ಸಾಕು.
ಕೃತ್ತಿಕೆಗೂ ಅದೇ ಹೆಸರು:
ಆಕಾಶಕ್ಕೆ ಹಿಡಿದ ಜರಡಿ,
ಉದುರದೆ ಉಳಿದ ಆರೇಳು ಕಾಳು.
ಶಾಲೆಯ ಮೇಷ್ಟ್ರು ಎಂದ್ರಿಕ್ ಒಪ್ಪಲಿಲ್ಲ.
"ನಕ್ಷೆ ನೋಡಮ್ಮ, ಅಲೆ ಎಲ್ಲಿದೆ? ಅಲೆಯಿಲ್ಲದ ಮೇಲೆ ಜರಡಿಯೂ ಇಲ್ಲ."
ಅಮ್ಮ ಕಿಟಕಿಯಾಚೆ ಕೈ ತೋರಿಸಿದಳು:
"ಅಷ್ಟೊಂದಿವೆಯಲ್ಲ, ಒಂದನ್ನು ತಂದು ಹಾಕಿಕೊಳ್ಳಿ."

ಈ ದಡದವರ ನಾಲಿಗೆಗೋ ಆ ಸ್ವರವೇ ಹೊರಳದು.
ಗಂಟಲ ತಳದಿಂದ ಎತ್ತಬೇಕಾದ್ದನ್ನು
ತುಟಿ ದುಂಡಗೆ ಮಾಡಿ ಮುಗಿಸಿಬಿಡುತ್ತಾರೆ.
ಮದುವೆಯಾಗಿ ಬಂದ ಮೊದಲ ವಾರ
ಅತ್ತೆಯ ಹತ್ತಿರ ಜರಡಿ ಕೇಳಿ ನಗೆಗೀಡಾದಳಂತೆ ಅಮ್ಮ.
ಹಿಟ್ಟು ಸೋಸುವಾಗೆಲ್ಲ ಅವಳ ಗಂಟಲು
ಆಚೆ ದಡದಲ್ಲೇ ಇರುತ್ತಿತ್ತು.

ಆಮೇಲೆ ಇದು ಗಡಿ ಎಂದರು. ದೋಣಿಗಳಿಗೆ ಸರಪಳಿ ಬಿತ್ತು.
ಸಂಜೆ ಮರಳಿಗೆ ಹಲುಬೆ ಹೊಡೆದು ಹೋಗುವರು,
ಬೆಳಿಗ್ಗೆ ಹೆಜ್ಜೆ ಮೂಡಿದೆಯೇ ಎಂದು ಬಗ್ಗಿ ನೋಡುವರು.
ಬಾತುಕೋಳಿಯ ಹೆಜ್ಜೆಗೂ ಒಮ್ಮೆ ವಿಚಾರಣೆಯಾಯಿತು.
ಕಣ್ಣಿಗೆ ಕಾಣುವ ತವರಿಗೆ ಈಗ ದಾರಿ:
ಒಂದು ಹಡಗು, ಒಂದು ಬಸ್ಸು, ಮತ್ತೊಂದು ಹಡಗು,
ಮೂರು ಮೊಹರಿನ ಒಂದು ಕಾಗದ.
ಕಾಗದ ಸಿಗುವ ಹೊತ್ತಿಗೆ ಸುಗ್ಗಿ ಬರುತ್ತಿತ್ತು,
ಸುಗ್ಗಿ ಮುಗಿಯುವ ಹೊತ್ತಿಗೆ ಮೊಹರು ಹಳತಾಗುತ್ತಿತ್ತು.

ಹಾಗಾಗಿ ಶನಿವಾರ.
ಶನಿವಾರ ಎರಡೂ ದ್ವೀಪಗಳಲ್ಲಿ ಸೌನಾದ ದಿನ.
ಪೈನ್ ಮರಗಳ ಗೆರೆಯ ಮೇಲೆ ಆಚೆ ಒಂದು ಹೊಗೆ ಏಳುವುದು.
"ಪ್ರೀದು ಒಲೆ ಹಚ್ಚಿದ," ಎನ್ನುವಳು ಅಮ್ಮ,
ಅಣ್ಣನಿಗೆ ಉತ್ತರವಾಗಿ ತಾನೂ ಹಚ್ಚುವಳು.
ಹೊಗೆ ನೆಟ್ಟಗಿದ್ದರೆ ಅವನಿಗೆ ಸುಖ,
ಬಾಗಿದ್ದರೆ ಸೊಂಟನೋವು.
ಕಾಗದ ಬರೆಯುವ ಪೈಕಿ ಅಲ್ಲ ಆ ಮನುಷ್ಯ.
ಹೊಗೆಗೆ ಮೊಹರು ಬೇಕಿಲ್ಲ,
ಹಲುಬೆಗೆ ಸಿಗುವ ಕಾಲೂ ಇಲ್ಲ.
ನಲವತ್ತು ವರ್ಷ.

ಸರಪಳಿ ಬಿಚ್ಚಿದ ಬೇಸಿಗೆಯಲ್ಲಿ ದಾಟಿದೆವು.
ಪ್ರೀದು ಕಿವುಡಾಗಿದ್ದ, ಕೆಂಪಗಿದ್ದ, ಆಲೂಗಡ್ಡೆ ಸುಲಿಯುತ್ತಿದ್ದ.
ಸೌನಾ? ಸುಟ್ಟುಹೋಗಿ ಯಾವ ಕಾಲವಾಯಿತು, ಮತ್ತೆ ಕಟ್ಟಲೇ ಇಲ್ಲ.
ನೀನು ನೋಡಿದ್ದು ಮೀನಿಗೆ ಹೊಗೆ ಹಾಕುವ ಶೆಡ್ಡು,
ಸಂಘದ್ದು, ಚಪ್ಪಟೆ ಮೀನು, ಶನಿವಾರಕ್ಕೊಂದು ಗಾಡಿ.

ಅಮ್ಮನ ಮುಖ ನೋಡಲಾರದೆ ನಾನು ಬಾವಿ ನೋಡಿದೆ.
ಅವಳು ನಕ್ಕಳು, ಕೂತು ನಕ್ಕಳು,
ಬುತ್ತಿಯ ಕಪ್ಪು ರೊಟ್ಟಿ ಬಿಚ್ಚುತ್ತ ನಕ್ಕಳು:
"ಅದಕ್ಕೇ ಏನೋ, ಶನಿವಾರವೇ ಅಷ್ಟು ಹಸಿವು."

ಅವಳು ಹೋಗಿ ಒಂಬತ್ತು ಚಳಿಗಾಲ.
ಒಂದೊಂದು ವರ್ಷ ನೀರು ಗಟ್ಟಿಯಾಗಿ ಹಡಗಿಗೆ ರಜೆ,
ಮಂಜುಗಡ್ಡೆಯ ಮೇಲೆ ಕಾರುಗಳು.
ಸೀಟುಬೆಲ್ಟು ಕಟ್ಟಕೂಡದು ಅಲ್ಲಿ, ಒಡೆದರೆ ಹಾರಬೇಕಲ್ಲ.
ಆಗ ಯಾರೂ ಇದರ ಹೆಸರು ಹೇಳುವುದಿಲ್ಲ,
ರಸ್ತೆ ಎನ್ನುತ್ತಾರೆ.

ಬೇಸಿಗೆಯಲ್ಲಿ ಸೈಕಲ್ಲಿನ ಹುಡುಗರು ಹೆಸರಿನ ಅರ್ಥ ಕೇಳುತ್ತಾರೆ.
ಗೊತ್ತಿಲ್ಲ ಎಂದು ತೂತು ಹೊಡೆದು ಕೊಡುತ್ತೇನೆ.
ರಾತ್ರಿ ದಿನಚರಿಯಲ್ಲಿ ಬರೆಯುವಾಗ ಮಾತ್ರ
ಅಕ್ಷರದ ನೆತ್ತಿಗೆ ಒಂದು ಅಲೆ ಏರಿಸುತ್ತೇನೆ.
ಕ್ಯಾಪ್ಟನ್ ಊಕು, ಈ ದಡದವನು, ನನ್ನ ಮಗನ ವಯಸ್ಸು,
ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕುತ್ತಾನೆ.
ಅವನ ಗೆರೆಯೂ, ಪಾಪ, ನೆಟ್ಟಗೆ ಬರುವುದಿಲ್ಲ,
ಹಡಗು ಅಲ್ಲಾಡುತ್ತಿರುತ್ತದೆ.