ತೆಗದದ್ದು, ಹಾಕಿದ್ದು

ಗುಳೇದಗುಡ್ಡದಾಗ ನನ್ನ ಅಂಗಡಿ
ಅರಳಿಕಟ್ಟಿಗೆ ಬೆನ್ನು ಹಚ್ಚಿ ಕುಂತೈತಿ.
ರಿಚಾರ್ಜು, ಕವರು, ಒಡದ ಗಾಜು,
ಆಗೊಮ್ಮೆ ಈಗೊಮ್ಮೆ ಮಂದಿಯ ಸಿಟ್ಟು.

ಅಮಾಸಿ ಮರುದಿನ ಶಟರ್ ಅರ್ಧ ಎತ್ತಿದ್ದೆ,
ಹುಚ್ಚವ್ವ ಪರ್ವತಿ ಬಗ್ಗಿ ಒಳಗ ಬಂದಳು,
ಫೋನು ಟೇಬಲ್ ಮ್ಯಾಲ ಕುಕ್ಕಿ
ಆ ಹಳದಿ ಗುರುತಿಗೆ ಬಟ್ಟು ಮಾಡಿದಳು:
"ತಗದ್ ಹಾಕೋ ಇದನ್ನ. ಬೇರು ಸಮೇತ."

ಮೂರು ವರ್ಷ ಅದರಾಗ ಖಣ ಮಾರ್ಯಾಳ ಆಕಿ,
ಸೂರ್ಯನಾರಾಯಣ, ಕ್ಯಾದಗಿ, ತುಳಸಿವನ,
ಬಿಸಿಲಿಗೆ ಹಿಡದು ಫೋಟೊ ತಗದು
ಕೊಲ್ಲಾಪುರದ ತನಕ ಪಾರ್ಸಲ್ ಕಳಸ್ಯಾಳ.
ಈಗ ಹೊಸ ಕಾಯ್ದೆ ಬಂದೈತಂತ:
ರೊಕ್ಕ ಕಟ್ಟಿದವರ ಖಣ ಮುಂದ,
ಕಟ್ಟದವರದು ಎಲ್ಲೋ ತಳದಾಗ.
ಒಡಹುಟ್ಟಿದ ತಂಗಿಗೂ ಕಾಣಂಗಿಲ್ಲ ಅಕ್ಕನ ಅಂಗಡಿ.

ಹತ್ತು ರೂಪಾಯಿ ತಗೊಂಡೆ. ತಗದೆ.
ವಹಿಯೊಳಗ ಬರದೆ: ಹುಚ್ಚವ್ವ, ತೆಗದದ್ದು.

ಸಂಜಿಗೆ ಹನ್ನೊಂದು ಮಂದಿ.
ಮರುದಿನ ಓಣಿಗೆ ಓಣಿನೇ ಬಂತು,
ಬೀಗರ ಮನಿಯವರನ್ನೂ ಕರಕೊಂಡು ಮಾಬೂಬಿ ಜಾಲಿಹಾಳ,
ಕಿವಿಗೆ ಪೆನ್ಸಿಲ್ ಸಿಗಿಸಿದ ಟೇಲರ್ ದೇವೇಂದ್ರಸಾ,
ಖಣಾನೂ ಮಾರದ, ಏನೂ ಮಾರದ
ಕಾಲೇಜು ಹುಡುಗ ಪವಾಡೆಪ್ಪ.
"ಕಾಕಾ, ಇದು ಮರ್ಯಾದಿ ಪ್ರಶ್ನೆ" ಅಂದ.
ಮರ್ಯಾದಿಗೂ ಹತ್ತೇ ರೂಪಾಯಿ.

ನಾಕನೇ ದಿನಕ್ಕ ನಲವತ್ಮೂರು.
ಅವತ್ತು ಯಾರೋ ವಿಡಿಯೋ ತೋರಿಸಿದರು:
ಸಂತಿ ನಡುವ ಸೊಂಟಕ್ಕ ಕೈಯಿಟ್ಟು
ಹುಚ್ಚವ್ವ ಅದಕ್ಕ ಬೈಯಾಕ ಹತ್ಯಾಳ.
ಎಲ್ಲಿ ಹಾಕ್ಯಾರ? ಅದರಾಗೇ!
ಎರಡು ಲಕ್ಷ ಮಂದಿ ನೋಡ್ಯಾರ.
ಬೈಗಳಕ್ಕ ಮೊದಲು ಸಿಮೆಂಟಿನ ಜಾಹೀರಾತು,
ಮುಗದ ಮ್ಯಾಲ ತಲಿನೋವಿನ ಗುಳಗಿಂದು.
ಖಣ ಹಿಡದು ನಿಂತಾಗ ನಾನೂರು ಮಂದಿಗೂ ಕಾಣದ ಮುಖ
ಬೈದಾಗ ಊರೂರು ತಿರಗಿತ್ತು.

ನಾನು ನಕ್ಕೆ. ಆಕಿ ನಗಲಿಲ್ಲ.
"ಹಂಗಾರ ನನ್ನ ಸಿಟ್ಟೂ
ಅವನ ಮಗ್ಗಕ್ಕ ನೂಲಾತೇನು?"

ನಮ್ಮ ಮಗ್ಗದಾಗ ಒಂದು ಎಳಿ ಹರದ್ರ
ಲಾಳಿ ನಿಲ್ಲಬೇಕು.
ನೇಕಾರ ಬಗ್ಗಿ ತುದಿ ಹುಡುಕಿ ಗಂಟು ಹಾಕಬೇಕು,
ಇಲ್ಲಾಂದ್ರ ಕಡೀತನಕ ಗೆರಿ ಬೀಳತೈತಿ.
ಅದ್ಯಾವ ಮಗ್ಗವೋ ಅದು,
ನಲವತ್ಮೂರು ಎಳಿ ಕಿತ್ತರೂ
ಒಂದು ಗಳಿಗಿ ಸಪ್ಪಳ ನಿಲ್ಲಲಿಲ್ಲ.

ಎಂಟನೇ ದಿನ ಪವಾಡೆಪ್ಪ ಬಂದ,
ಕಟ್ಟಿ ಮ್ಯಾಲ ಯಾರೂ ಇಲ್ಲದ ಹೊತ್ತು ನೋಡಿ.
"ಕ್ರಿಕೆಟ್ ಸ್ಕೋರಿಗೆ ಅಷ್ಟ, ಕಾಕಾ."
ದೇವೇಂದ್ರಸಾನ ಬೀಗರು
ಮೊಮ್ಮಗಳ ಜಾವಳದ ಫೋಟೊ ಅದರಾಗೇ ಹಾಕಿದ್ದರು.
ಮಾಬೂಬಿಯ ಪುಣೆ ಗಿರಾಕಿ ಬ್ಯಾರೆ ಕಡೆ ಹುಡುಕಂಗಿಲ್ಲ,
ಇಪ್ಪತ್ತು ಖಣ ಪೆಟ್ಟಿಗ್ಯಾಗ ಮಡಿಕಿ ಬಿದ್ದಾವ.
ತಪ್ಪು ಯಾರದೂ ಇಲ್ಲ. ಆದ್ರೂ
ಕೇಳೂಕಿಂತ ಮೊದಲು ಎಲ್ಲರೂ ಒಮ್ಮೆ ಕೆಮ್ಮಿದರು.
ಹಾಕಿದ್ದಕ್ಕೂ ಹತ್ತು.
ಖರೇ ಹೇಳತೀನಿ, ಆ ತಿಂಗಳ ಬಾಡಿಗಿಯನ್ನ
ಅವರ ಸಿಟ್ಟೂ ಅವರ ಸೋಲೂ ಕೂಡಿ ಕಟ್ಟಿದವು.

ತೆಗದದ್ದು ನಲವತ್ಮೂರು.
ಹಾಕಿದ್ದು ನಲವತ್ತೊಂದು.
ಉಳಿದ ಎರಡರಾಗ ಒಂದು ಫೋನು
ಎಮ್ಮಿ ತುಳದು ಒಡದಿತ್ತು, ಅದನ್ನ ಬಂಡಾಯ ಅನ್ನಾಕ ಬರಂಗಿಲ್ಲ.
ಇನ್ನೊಂದು ಹುಚ್ಚವ್ವಂದು.

ಆಕಿ ಈಗ ಖಣದ ಗಂಟು ಹೊತ್ತು ಬಾದಾಮಿ ಬಸ್ಸು ಹತ್ತತಾಳ.
ವ್ಯಾಪಾರ ಅರ್ಧಕ್ಕ ಇಳದೈತಿ.
ಹೋಗೂಮುಂದ ನಿಂತು ಒಂದ ಮಾತು ಕೇಳತಾಳ:
"ಆ ದೊಡ್ಡ ಮನಿಯಂವಗ ಏನರ ನೋವಾತೇನೋ?"

ಮೊನ್ನೆ ಆಕಿ ಫೋನಿಗೆ ಮೆಸೇಜು ಬಂದಿತ್ತು:
ನಿಮ್ಮನ್ನು ಬಹಳ ನೆನಪಿಸಿಕೊಳ್ಳುತ್ತಿದ್ದೇವೆ, ಮರಳಿ ಬನ್ನಿ.
ನನ್ನ ಕಡಿಂದ ಎರಡು ಸಲ ಓದಿಸಿದಳು.
"ಹೆಸರು ಹಿಡದು ಕರದಾನೇನು?"
ಕರದಿದ್ದ. 'ಪ್ರಿಯ ಹುಚ್ಚ' ಅಂತಿತ್ತು,
'ವ್ವ' ಎಲ್ಲೋ ದಾರ್ಯಾಗ ಉದುರಿತ್ತು.

ತಿಂಗಳಾದ ಮ್ಯಾಲ ಆಕಿ ನಕ್ಕದ್ದು ಆಗ.
"ನೋವಾದಂವ ಹೆಸರು ತಪ್ಪಂಗಿಲ್ಲ" ಅಂದಳು,
ಗಂಟು ಬಗಲಿಗೇರಿಸಿ ಬಸ್ಸಿನ ಕಡೆ ನಡದಳು.

ನಾನು ವಹಿ ಮುಚ್ಚಿದೆ.
ಟೇಬಲ್ ಮ್ಯಾಲ ನನ್ನ ಫೋನು ಹಳದಿ ಮಿಣುಕಿತು.
ಆಕಿ ತಿರುವು ದಾಟೂತನಕ ತಡದೆ,
ಆಮ್ಯಾಲ ನೋಡಿದೆ.