ಪಾಳಿ

ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ ವೇಳಾಪಟ್ಟಿ,
ಬಣ್ಣಬಣ್ಣದ ಸ್ಕೆಚ್ ಪೆನ್ನು, ಸ್ಕೇಲಿಟ್ಟು ಎಳೆದ ಗೆರೆ.
ಭೌತಶಾಸ್ತ್ರಕ್ಕೆ ನೀಲಿ. ರಸಾಯನಕ್ಕೆ ಹಸಿರು.
ಜೀವಶಾಸ್ತ್ರಕ್ಕೆ ಕೆಂಪು, ಅದು ಹೇಗೂ ರಕ್ತದ ಪಾಠ.
ನಿದ್ದೆಗೆ ಮಾತ್ರ ಪೆನ್ಸಿಲ್,
ಬೇಕಾದಾಗ ಅಳಿಸಿಕೊಳ್ಳಲು.

ಗೆರೆ ಎಳೆಯುವುದರಲ್ಲೇ ಒಂದು ಭಾನುವಾರ ಹೋಯಿತು.
ಭಾನುವಾರದ ಪಾಠ ಸೋಮವಾರಕ್ಕೆ ಬಂತು,
ಸೋಮವಾರದ್ದು ಮಂಗಳವಾರದ ಮನೆಯಲ್ಲಿ ಉಳಿದುಕೊಂಡಿತು
ಕೊನೇ ಬಸ್ಸು ತಪ್ಪಿದ ನೆಂಟರ ಹಾಗೆ.
ಇವತ್ತು ಏಪ್ರಿಲ್ ಹನ್ನೊಂದು.
ಪಟ್ಟಿಯ ಪ್ರಕಾರ ನಾನಿನ್ನೂ ಮಾರ್ಚಿನಲ್ಲಿದ್ದೇನೆ.

ಇದು ಎರಡನೇ ಸಲ.
ಮೊದಲ ಸಲ ಎಷ್ಟು ಬಂತು ಅಂತ ಕೇಳಬೇಡಿ,
ಗೋಪಾಳದ ಬಸ್ಸಿನ ಕಂಡಕ್ಟರೂ ಕೇಳಿಯಾಯಿತು.
ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆ,
ಬಿಟ್ಟರೆ ಸೊನ್ನೆ.
ಈ ಲೆಕ್ಕ ಈಗ ನಾಲಿಗೆಗೂ ಹತ್ತಿದೆ:
ಯಾರೇನು ಕೇಳಿದರೂ
ಗುರುತು ಹಾಕಲೋ ಬಿಡಲೋ ಎಂದು ತಡೆಯುತ್ತೇನೆ.
ಹೆಚ್ಚಾಗಿ ಬಿಡುತ್ತೇನೆ.

ಹಾಜಿರಾ ಕೇಳುತ್ತಾಳೆ ಫೋನಿನಲ್ಲಿ,
'ಓಲೆ ಬಿಚ್ಚಿಟ್ಟು ಒಳಗೆ ಹೋಗಬೇಕಂತೆ ಕಣೇ,
ಹೆದರಿಕೆ ಬಿಚ್ಚಿಡೋಕೂ ಒಂದು ತಟ್ಟೆ ಇಟ್ಟಿರ್ತಾರಾ?'
ಇಬ್ಬರೂ ನಗುತ್ತೇವೆ. ಆಮೇಲೆ ಇಬ್ಬರೂ
ಫೋನು ಇಡದೆ ಸುಮ್ಮನಿರುತ್ತೇವೆ.

ರಾತ್ರಿ ಎರಡಕ್ಕೆ ಎಚ್ಚರ.
ತ್ರಿದಳ ಕವಾಟ ಎಡಕ್ಕೋ ಬಲಕ್ಕೋ?
ನಿನ್ನೆ ಗೊತ್ತಿತ್ತು. ಎದೆ ಮುಟ್ಟಿ ನೋಡುತ್ತೇನೆ,
ಬಾಗಿಲು ಬಡಿದ ಹಾಗೆ ಬಡಿದುಕೊಳ್ಳುತ್ತದೆ,
ಉತ್ತರ ಮಾತ್ರ ಹೇಳಿಕೊಡುವುದಿಲ್ಲ.

ಆ ಹೊತ್ತಿಗೆ ಅಮ್ಮ ಮೆಗ್ಗಾನಿನಲ್ಲಿರುತ್ತಾಳೆ,
ಹೆಂಗಸರ ವಾರ್ಡಿನ ಆಯಾ, ಹದಿನಾರು ವರ್ಷದಿಂದ.
ಡಾಕ್ಟರಾಗು ಎಂದು ಒಂದು ದಿನವೂ ಹೇಳಿದವಳಲ್ಲ.
ಹೇಳಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಬೆಳಿಗ್ಗೆ ಫಿನಾಯಿಲ್ ವಾಸನೆಯ ಸೆರಗಿನಲ್ಲಿ ಬಂದವಳು
ಬೀರುವಿನ ಮುಂದೆ ನಿಂತಳು, ಕನ್ನಡಕ ಹಣೆಗೇರಿಸಿ,
ತನ್ನ ಡ್ಯೂಟಿ ಚಾರ್ಟು ಓದುವ ಹಾಗೆ
ಅಡ್ಡಕ್ಕೆ ಓದಿದಳು, ಉದ್ದಕ್ಕೆ ಓದಿದಳು.
'ವಾರದ ರಜೆ ಎಲ್ಲಿದೆ ಇದರಲ್ಲಿ?
ನಿನ್ನ ಪಾಳಿ ಬಿಡಿಸೋಕೆ ಯಾರು ಬರ್ತಾರೆ?'

ನಾನು ಬಿಟ್ಟೆ, ಉತ್ತರ.

'ನಾವಾದರೆ ಉಳಿದ ಕೆಲಸ ಪುಸ್ತಕದಲ್ಲಿ ಬರೀತೀವಿ,
ಸಹಿ ಹಾಕ್ತೀವಿ, ಬರ್ತೀವಿ.
ಚೀಲಕ್ಕೆ ಹಾಕ್ಕೊಂಡು ಮನೆಗೆ ತರಲ್ಲ.'

ಸುಳ್ಳು. ಕೆಲವು ಬೆಳಿಗ್ಗೆ ನಲ್ಲಿಯ ಕೆಳಗೆ
ಅವಳ ಪಾದ ತೊಳೆದು ಮುಗಿಯುವುದೇ ಇಲ್ಲ.
ಕೊಡ ತುಂಬಿ ಹರಿದರೂ ಕೂತೇ ಇರುತ್ತಾಳೆ.
ಕಳೆದ ತಿಂಗಳು ಅಂಥದ್ದೊಂದು ಬೆಳಿಗ್ಗೆ
'ಹನ್ನೆರಡನೇ ಮಂಚ' ಅಂದಳು ನೀರಿಗೆ. ಅಷ್ಟೇ.

ಆದರೂ ಪೆನ್ಸಿಲ್ ಎತ್ತಿಕೊಂಡು
ಮಾರ್ಚಿನ ಬಾಕಿಗೆಲ್ಲ ಒಂದೇ ಅಡ್ಡಗೆರೆ ಎಳೆದಳು,
ಗುರುವಾರಗಳ ಮೇಲೆ 'ರ' ಬರೆದು ಮಲಗಲು ಹೋದಳು.

ಆ ರಾತ್ರಿ ರಫ್ ನೋಟ್‌ಬುಕ್ಕಿನಲ್ಲಿ:
ಸಮಯ ಹನ್ನೊಂದೂವರೆ.
ಬಿಡುವವಳು ನಾನು. ವಹಿಸಿಕೊಳ್ಳುವವಳು ನಾನು.
ಹೈಡ್ರೋಕಾರ್ಬನ್ ಅರ್ಧ ಚೇತರಿಸಿಕೊಂಡಿದೆ.
ಆವರ್ತ ಚಲನೆ ಹಾಗೇ ಮಲಗಿದೆ, ಬೆಳಿಗ್ಗೆ ಎಬ್ಬಿಸಿ ನೋಡುವುದು.
ಸಸ್ಯಗಳ ಕುಟುಂಬ ಹೇಳಿದ ಮಾತು ಕೇಳುತ್ತಿಲ್ಲ.
ಭಯ ಇದೆ. ಜ್ವರ ಇಲ್ಲ.
ಸಹಿ.

ನಾಲ್ಕಕ್ಕೆ ಮತ್ತೆ ಎಚ್ಚರವಾಯಿತು, ಸುಳ್ಳು ಯಾಕೆ.
ಎರಡಕ್ಕಿಂತ ನಾಲ್ಕು ವಾಸಿ.

ಗುರುವಾರ ಸಂಜೆ ಕೋರ್ಪಲಯ್ಯನ ಛತ್ರದ ಮೆಟ್ಟಿಲು.
ತುಂಗೆ ಇಳಿದು ಬಂಡೆಗಳ ಬೆನ್ನು ಕಾಣುತ್ತಿತ್ತು.
ಪೇಪರಿನ ಪೊಟ್ಟಣದಲ್ಲಿ ಖಾರ ಮಂಡಕ್ಕಿ,
ಶೇಂಗಾಬೀಜ ಎಲ್ಲ ಅವಳು ನನ್ನ ಕಡೆ ತಳ್ಳುತ್ತಿದ್ದಳು.
ಕೇಳಿದೆ:
'ಅಮ್ಮಾ, ಹನ್ನೆರಡನೇ ಮಂಚದವರು ಏನಾದರು?'

ಅವಳು ಪೊಟ್ಟಣ ಕೊಡವಿದಳು,
ಮೆಟ್ಟಿಲಿಗೆ ಬಿದ್ದ ಕಾಳನ್ನು ಮೀನಿಗೆಸೆದಳು.
ಬಿಟ್ಟಳು.

ಸೊನ್ನೆ. ಏನೂ ಕಳೆಯಲಿಲ್ಲ.
ಕತ್ತಲಾಗುವವರೆಗೆ ಕೂತಿದ್ದೆವು.