ಮಗ್ಗದ ಕುಣ್ಯಾಗಿಂದು

ಬೆಟಗೇರಿಯೊಳಗ ಕರೆಂಟ್ ಹೋದ್ರ
ಮದಲ ಕಪ್ಪಾಗೋದು ನಮ್ಮ ಮಗ್ಗದ ಕುಣಿ,
ಆಮ್ಯಾಲ ಮನಿ, ಆಮ್ಯಾಲ ಓಣಿ.
ಬಚ್ಚಲಕ್ಕ ಹೋಗಬೇಕಂದ್ರ ಅದನ್ನ ದಾಟೇ ಹೋಗಬೇಕು.
ಬನಶ್ರೀ ಎರಡೂ ಕಾಲು ಒತ್ತಿ ಹಿಡಕೊಂಡು ನಿಂತಾಳ,
ಒಂದ್ ಹೆಜ್ಜಿ ಮುಂದ ಇಡವಲ್ಲಳು.

“ಅಲ್ಲೈತಿ.”
“ಏನೈತಿ?”
“ಗೊತ್ತಿಲ್ಲ. ಅದಕ್ಕ ಯಾರೂ ಇನ್ನೂ ಹೆಸರಿಟ್ಟಿಲ್ಲ.”

ಬ್ಯಾಟರಿ ಬಿಟ್ಟು ತೋರಿಸಿದೆ.
ಎರಡು ಕಾಲಮಣಿ, ಒಂದು ಹರಕು ಗೋಣಿತಾಟು,
ಮೊನ್ನೆ ಕಳಕೊಂಡು ಹುಡುಕಿದ್ದ ಕಂಡಿಕಿ.
“ನೋಡು, ಏನೂ ಇಲ್ಲ.”
ಬ್ಯಾಟರಿ ಆರಿಸಿದ ಕೂಡ್ಲೆ
ಆ ಏನೂ ಇಲ್ಲ ಅನ್ನೋದು
ಮತ್ತ ಬಂದು ಅಲ್ಲೇ ಕುಂತಿತು.

ಬಾಜೂಮನಿ ನಿಂಬವ್ವ ಆಯಿ
ತುತ್ತಿಗೊಂದು ಗುಮ್ಮನ್ನ ಕರದು ಉಣಿಸ್ತಿದ್ಲು ಇಕಿಗೆ.
ಅನ್ನೇನೋ ಹೊಟ್ಟಿಗೆ ಹೋತು,
ಕರದ ಗುಮ್ಮ ಎಲ್ಲಿ ಹೋಗಬೇಕು?
ತಗ್ಗು ನೋಡಿ ಇಳದಿರಬೇಕು.

ನನಗ ಕಥಿ ಬರೂದಿಲ್ಲ.
ಕೈಯಾಗಾದ್ರ ಹೂ ಬಳ್ಳಿ ನವಿಲು ಎಲ್ಲಾ ಬರ್ತಾವ,
ಬಾಯಾಗ ಬರೂದಿಲ್ಲ.
“ಒಂದೂರಾಗ ಒಬ್ಬ ರಾಜ...”
“ರಾಜ ಬ್ಯಾಡ. ಕುಣ್ಯಾಗಿಂದು ಹೇಳು.”

“ಕುಣ್ಯಾಗ... ಒಂದಿತ್ತು.
ಹಗಲೆಲ್ಲಾ ಅದಕ್ಕ ಎರಡು ಕಾಲು ಜೋಡಿ.
ಟಕ್ ಟಕ್ ಅಂತ ಮಾತಾಡ್ತಿದ್ವು.
ಸಂಜಿಗೆ ಕಾಲು ಎದ್ದು ಉಣ್ಣಾಕ ಹೋದ್ವು.
ಅದನ್ನ ಯಾರೂ ಬಾ ಅನ್ನಲಿಲ್ಲ.”

“ಏನ್ ತಿಂತೈತಿ?”
“ಹರದ ಎಳಿ.”
“ಬಣ್ಣ?”
“ಮಗ್ಗದ ಮ್ಯಾಲ ಯಾವ ಸೀರಿ ಐತಿ, ಅದು.
ಈ ವಾರ ಗಿಳಿ ಹಸರು. ದಡಿ ಕಡೆ ಸ್ವಲ್ಪ ಕೆಂಪು.”
“ಹಲ್ಲದಾವೇನು?”

ಇಲ್ಲ ಅನ್ನಾಕ ಬಾಯಿ ತಗದೆ.
ಹಲ್ಲಿಲ್ಲದ ಭೂತಾನ ಯಾವ ಕೂಸು ನಂಬತೈತಿ?
“ಅದಾವ. ಮುಂದಿಂದೊಂದು ಅಲಗ್ಯಾಡಾಕತ್ತೈತಿ.”
ಕತ್ತಲದಾಗ ಕಾಣಲಿಲ್ಲ, ಆದ್ರೂ ಗೊತ್ತಾತು,
ಇಕಿ ನಾಲಗಿ ತನ್ನ ಹಲ್ಲಿನ ಮ್ಯಾಲೆ ಹೋತು.

ಆ ರಾತ್ರಿ ನನ್ನ ಬಟ್ಟು ಹಿಡದು ಓಡಿ ದಾಟಿದ್ಲು.
ಮರುದಿನ ಓಡಲಿಲ್ಲ, ಬಟ್ಟು ಬಿಡಲಿಲ್ಲ.
ವಾರ ಕಳದ ಮ್ಯಾಲ ಕಥಿ ನನ್ನ ಕೈಯಾಗ ಇರಲೇ ಇಲ್ಲ.
ಹಸರು ಅಂದ್ರ “ಇವತ್ತ ಬದನಿ ಬಣ್ಣ, ನೋಡಿಲ್ಲೇನು?” ಅಂತ ಬೈಯ್ಯಾಕಿ.
ಫ್ರಾಕಿನ ಕಿಸೆ ತುಂಬ ಎಳಿ ಚೂರು ಆರಿಸ್ಕೊಂಡು
ಕುಣಿಗೆ ಉದುರಿಸಾಕಿ.
“ಇಷ್ಟ ತಿನ್ನು. ಹೊಟ್ಟಿ ಕಡಿತೈತಿ.”

ಒಂದು ಮಧ್ಯಾಹ್ನ ಕೇಳಿದ್ಲು,
“ಅಪ್ಪಾ, ನೀ ಸಣ್ಣಾವಿದ್ದಾಗನೂ ಅದು ಇತ್ತೇನು?”
ಲಾಳಿ ನಟ್ಟನಡುವ ನಿಂತಿತು.

ಆರು ವರ್ಷದಾಂವ ಇದ್ದೆ. ಆಟ ಆಡಕೋತ ಹಾಸು ಹರದಿದ್ದೆ,
ಒಂದಲ್ಲ ಎರಡಲ್ಲ, ಗೇಣುದ್ದ.
ನಮ್ಮಪ್ಪ ರಟ್ಟಿ ಹಿಡದು ಇದ ಕುಣ್ಯಾಗ ಇಳಿಸಿ
ಮ್ಯಾಲ ಹಲಗಿ ಮುಚ್ಚಿ
ಗದಗ ಪ್ಯಾಟಿಗೆ ಹೋಗಿಬಿಟ್ಟಿದ್ದ.
ಇಪ್ಪತ್ತು ವರ್ಷ ಇದರಾಗ ಕಾಲಿಟ್ಟು ನೇಯ್ದೀನಿ,
ಹೇಣ್ತಿಗೂ ಹೇಳಿರಲಿಲ್ಲ.

“ಇತ್ತು,” ಅಂದೆ. ಎಲ್ಲಾ ಹೇಳಿದೆ.
ಬನಶ್ರೀ ಬಾಳ ಹೊತ್ತು ಕುಣಿ ನೋಡಿದ್ಲು.
“ಪಾಪ. ಅವತ್ತ ಅದು ಅಂಜಿತ್ತೇನು?”

ನಿನ್ನೆ ಹಲ್ಲು ಬಿತ್ತು.
ಸಗಣ್ಯಾಗಿಟ್ಟು ಮಾಳಿಗಿ ಮ್ಯಾಲೆ ಒಗಿಯೂಣು ಅಂದ್ಲು ಅವರವ್ವ.
ಇಕಿ ಮುಟಗಿ ಬಿಚ್ಚಲಿಲ್ಲ.
ಕತ್ತಲಾಗೂತನಕ ಕಾದು, ಒಬ್ಬಾಕೀನ ಹೋಗಿ,
ಕುಣಿ ದಂಡಿಗೆ ಬೋರಲ ಮಲಗಿ
ಮೊಳಕೈತನಕ ಕೈ ಇಳಿಬಿಟ್ಟು
ಕೊಟ್ಟು ಬಂದ್ಲು.

ಇವತ್ತ ಮುಂಜಾನೆ ಮಗ್ಗಕ್ಕ ಕುಂತು
ಕಾಲು ಇಳಿಬಿಡೂ ಮುಂದ ಒಂದು ಗಳಿಗಿ ತಡದೆ,
ತುಳದು ಗಿಳದೇನಂತ.

ಕುಕ್ಕರ್ ಸೀಟಿ ಹೊಡದ್ರ ಇನ್ನೂ
ಕಿವಿ ಮುಚ್ಚಿಕೊಂಡು ಓಡಿ ಬರ್ತಾಳ.
ಅದರಾಗ ಯಾರದಾರ,
ಹುಡುಕಾಕತ್ತೀವಿ ಇಬ್ರೂ.